ಹೊಸ ಬೈಕ್ ಗೇರ್ ಹಾಕಿದಾಗ 'ಟಕ್' ಅನ್ನುತ್ತಾ? ಹೆದರುವ ಮೊದಲು ಇದನ್ನು ಓದಿ

ಈ ವಾರ ಗೊಬ್ಬರ, ಜೀವಾಮೃತದ ಮಾತಿಲ್ಲ. ಬೆಳೆದಿದ್ದನ್ನು ಮಾರ್ಕೆಟ್ಟಿಗೆ ಹೊತ್ತೊಯ್ಯುವ ಬೈಕಿನ ಬಗ್ಗೆ ಮಾತಾಡೋಣ.

ನಮ್ಮ ಮನೇಲಿ 15 ವರ್ಷ ಅಪ್ಪನ ಹಳೇ ಬೈಕೇ ಇತ್ತು. ಕಳೆದ ವರ್ಷ ಆಯುಧಪೂಜೆ ಹೊತ್ತಿಗೆ ಹೊಸದು ತಂದೆ. ಮಾರನೇ ದಿನ ಬೆಳಗಿನ ಜಾವ 5 ಗಂಟೆಗೆ ಸ್ಟಾರ್ಟ್ ಮಾಡಿ ಫಸ್ಟ್ ಗೇರ್ ಹಾಕಿದೆ. 'ಟಕ್' ಅಂತ ಸದ್ದು, ಕಾಲಿಗೂ ಹೊಡೆತ ಗೊತ್ತಾಯ್ತು. ಪಕ್ಕದ ತೋಟದ ಅಣ್ಣ ಕೇಳಿಸಿಕೊಂಡು, "ಗೇರ್ ಬಾಕ್ಸೇ ಸರಿ ಇಲ್ಲ ಕಣಪ್ಪಾ" ಅಂದ್ರು. ರಸ್ತೆ ಬದಿಯ ಗ್ಯಾರೇಜಿನಲ್ಲಿ ತೋರಿಸಿದರೆ, "ಎಂಜಿನ್ ಬಿಚ್ಚಿ ನೋಡಬೇಕು" ಅಂದ್ರು. ಸಾಲ ಮಾಡಿ ತಂದ ಗಾಡಿ, ಎದೆ ಧಸಕ್ ಅಂತು.

ಬಿಚ್ಚಿಸಲಿಲ್ಲ. ಆದರೆ ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಸದ್ದು ಬರದಿರಲಿ ಅಂತ ಗೇರನ್ನು ಮೆಲ್ಲಗೆ, ಅರೆಬರೆ ಒತ್ತೋಕೆ ಶುರು ಮಾಡಿದೆ. ಒಂದು ದಿನ ಹಿಂದೆ ಎರಡು ಕ್ರೇಟ್ ಟೊಮೆಟೊ ಕಟ್ಟಿಕೊಂಡು ಏರು ಹತ್ತುವಾಗ ಥರ್ಡ್‌ನಿಂದ ಸೆಕೆಂಡಿಗೆ ಇಳಿಸಿದೆ. ಗೇರ್ ಕೂರಲೇ ಇಲ್ಲ. ಎಂಜಿನ್ ರೊಯ್ಯನೆ ಕೂಗಿತು, ಗಾಡಿ ನಿಂತು ಹಿಂದಕ್ಕೆ ಜಾರಿ ಪಕ್ಕಕ್ಕೆ ವಾಲಿತು. ಒಂದು ಕ್ರೇಟ್ ರಸ್ತೆಪಾಲು. ಹಿಂದೆ ಲಾರಿ ಇರಲಿಲ್ಲ, ಅದೇ ಪುಣ್ಯ.

ಆ 'ಟಕ್' ಎಲ್ಲಿಂದ ಬರುತ್ತೆ?

ಬೈಕಿನ ಗೇರ್ ಬಾಕ್ಸಿನಲ್ಲಿ ಎರಡು ಶಾಫ್ಟ್ ಇರುತ್ತವೆ. ಒಂದಕ್ಕೆ ಕ್ಲಚ್ ಮೂಲಕ ಎಂಜಿನ್ನಿನ ತಿರುಗುವಿಕೆ ಬರುತ್ತದೆ. ಇನ್ನೊಂದು ಚೈನ್ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುತ್ತದೆ. ಎರಡರ ಮೇಲಿನ ಗೇರ್ ಚಕ್ರಗಳ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ನಾವು ಗೇರ್ ಹಾಕಿದಾಗ ಸೇರುವುದು ಆ ಹಲ್ಲುಗಳಲ್ಲ. ಗೇರಿನ ಪಕ್ಕದಲ್ಲಿ ದಪ್ಪ ಗೂಟದಂಥ ಭಾಗಗಳಿವೆ, ಮೆಕ್ಯಾನಿಕ್‌ಗಳು ಅವನ್ನು ಡಾಗ್ ಅಂತಾರೆ. ಒಂದು ಗೇರಿನ ಗೂಟ ಪಕ್ಕದ ಗೇರಿನ ಗುಂಡಿಯೊಳಗೆ ಹೋಗಿ ಕೂರಬೇಕು.

ಗಾಡಿ ನಿಂತಿದ್ದಾಗ ಹಿಂದಿನ ಚಕ್ರದ ಶಾಫ್ಟ್ ಅಲ್ಲಾಡದೆ ಇರುತ್ತದೆ, ಎಂಜಿನ್ ಕಡೆಯದು ತಿರುಗುತ್ತಿರುತ್ತದೆ. ತಿರುಗುವುದನ್ನು ನಿಂತಿರುವುದಕ್ಕೆ ಸೇರಿಸಿದಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿ 'ಟಕ್' ಅನ್ನಲೇಬೇಕು. ಕೊಟ್ಟಿಗೆ ಬಾಗಿಲಿನ ಅಗುಳಿ ನೆನಪು ಮಾಡ್ಕೊಳ್ಳಿ. ಸದ್ದಾಯಿತು ಅಂದ್ರೆ ಪೂರ್ತಿ ಕೂತಿದೆ. ಸದ್ದಾಗಬಾರದು ಅಂತ ಅರ್ಧಕ್ಕೆ ಬಿಟ್ಟರೆ ರಾತ್ರಿ ಕರು ಹೊರಗೆ.

ನನ್ನ ಏರಿನಲ್ಲೂ ಆಗಿದ್ದು ಅದೇ. ಅರ್ಧ ಕೂತ ಗೇರ್ ಜಾರುವಾಗ ಆ ಗೂಟಗಳ ಅಂಚು ಸವೆಯುತ್ತದೆ. ಅಂಚು ದುಂಡಗಾದಷ್ಟೂ ಗೇರ್ ತಾನೇ ಬಿಚ್ಚಿಕೊಳ್ಳುವುದು ಹೆಚ್ಚುತ್ತದೆ.

ಇವೆಲ್ಲ ಸಹಜ

- ಚಳಿಯ ಬೆಳಗ್ಗೆ ಮೊದಲ ಗೇರಿಗೆ ಜೋರು ಸದ್ದು. ತಣ್ಣಗಿನ ಆಯಿಲ್ ಮಂದವಾಗಿ ಕ್ಲಚ್ ಪ್ಲೇಟ್‌ಗಳು ಅಂಟಿಕೊಂಡಿರುತ್ತವೆ. ಲಿವರ್ ಎಳೆದರೂ ಶಾಫ್ಟ್ ಸ್ವಲ್ಪ ತಿರುಗುತ್ತಲೇ ಇರುತ್ತದೆ.
- ಫಸ್ಟ್‌ನಿಂದ ಸೆಕೆಂಡಿಗೆ ಹಾಕುವಾಗ ಉಳಿದವಕ್ಕಿಂತ ಜೋರು ಸದ್ದು. ಈ ಎರಡು ಗೇರ್‌ಗಳ ನಡುವಿನ ವೇಗದ ವ್ಯತ್ಯಾಸ ದೊಡ್ಡದು.
- ಗಾಡಿ ನಿಂತ ಮೇಲೆ ನ್ಯೂಟ್ರಲ್ ಸಿಗಲು ಸ್ವಲ್ಪ ಒದ್ದಾಟ. ನಿಲ್ಲುವ ಮುಂಚೆ, ನಿಧಾನವಾಗಿ ಉರುಳುತ್ತಿರುವಾಗಲೇ ನ್ಯೂಟ್ರಲ್ ಮಾಡಿ.
- ಆಕ್ಸಿಲರೇಟರ್ ಬಿಟ್ಟಾಗ ಕೆಳಗಿನ ಗೇರ್‌ಗಳಲ್ಲಿ ಸಣ್ಣ 'ಗುಂಯ್'.

ಇವು ಸಹಜ ಅಲ್ಲ

- ಒಂದೇ 'ಟಕ್' ಅಲ್ಲದೆ 'ಕರಕರ' ಅಂತ ಅರೆಯುವ ಸದ್ದು, ಅದೂ ಕ್ಲಚ್ ಪೂರ್ತಿ ಎಳೆದಿದ್ದಾಗ.
- ಸರಿಯಾಗಿ ಹಾಕಿದ ಗೇರ್ ಓಡುವಾಗ ತಾನೇ ಬಿಡುವುದು.
- ದಿನದಿಂದ ದಿನಕ್ಕೆ ಜೋರಾಗುವ ಸದ್ದು.
- ಆಯಿಲ್ ಬದಲಿಸುವಾಗ ಕಬ್ಬಿಣದ ಚೂರು ಕಾಣುವುದು. ಮೊದಲ ಆಯಿಲಿನಲ್ಲಿ ನುಣ್ಣನೆ ಪುಡಿ ಇದ್ದರೆ ಚಿಂತೆ ಬೇಡ, ಉಗುರಿನಷ್ಟು ಚೂರು ಇದ್ದರೆ ಬಿಡಬೇಡಿ.

ಇವುಗಳಲ್ಲಿ ಒಂದು ಕಂಡರೂ ಕಂಪನಿ ಸರ್ವೀಸ್ ಸೆಂಟರಿಗೇ ಹೋಗಿ. ವಾರಂಟಿ ಇರುವಾಗ ಹೊರಗೆ ಎಂಜಿನ್ ಬಿಚ್ಚಿಸಿದರೆ ವಾರಂಟಿ ಕೈತಪ್ಪಬಹುದು.

ನಾನೀಗ ಮಾಡೋದು

ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಗೇರಿನಲ್ಲಿಟ್ಟು, ಕ್ಲಚ್ ಎಳೆದು, ಗಾಡಿಯನ್ನು ಎರಡು ಸಲ ಹಿಂದೆ ಮುಂದೆ ತಳ್ಳುತ್ತೇನೆ. ಅಂಟಿದ ಪ್ಲೇಟ್ ಬಿಡುತ್ತದೆ. ಆಮೇಲೆ ನ್ಯೂಟ್ರಲ್ ಮಾಡಿ ಸ್ಟಾರ್ಟ್ ಮಾಡ್ತೀನಿ. ಕ್ಲಚ್ ಪೂರ್ತಿ ಎಳೆದು, ಒಂದೆರಡು ಸೆಕೆಂಡ್ ಬಿಟ್ಟು, ಗೇರನ್ನು ಒಂದೇ ಸಲ ಗಟ್ಟಿಯಾಗಿ ಒತ್ತುತ್ತೇನೆ. ಒದೆಯೋದಲ್ಲ, ಒತ್ತೋದು. ನಿಂತಾಗ ಗೇರ್ ಬೀಳದಿದ್ದರೆ ಗೂಟಕ್ಕೆ ಗೂಟ ಎದುರಾಗಿದೆ ಅಂತ ಅರ್ಥ. ಕ್ಲಚ್ ಚೂರು ಬಿಟ್ಟು, ಮತ್ತೆ ಎಳೆದು ಹಾಕಿದರೆ ಬೀಳುತ್ತೆ.

ಕ್ಲಚ್ ಕೇಬಲ್ ತುಂಬಾ ಸಡಿಲ ಇದ್ದರೂ ಸದ್ದು ಹೆಚ್ಚುತ್ತದೆ. ಸಾಮಾನ್ಯ ಬೈಕ್‌ಗಳಲ್ಲಿ ಲಿವರ್ ತುದಿಯಲ್ಲಿ 10ರಿಂದ 15 ಮಿ.ಮೀ ಆಟ ಇರುತ್ತದೆ. ಚೈನಿನ ಸಡಿಲ 20ರಿಂದ 30 ಮಿ.ಮೀ. ನಿಮ್ಮ ಗಾಡಿಯ ಸರಿಯಾದ ಲೆಕ್ಕ ಅದರ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಸಡಿಲ ಚೈನಿನ 'ಟಕ ಟಕ'ವನ್ನು ಗೇರ್ ಬಾಕ್ಸ್ ಸದ್ದು ಅಂದುಕೊಳ್ಳುವವರೇ ಜಾಸ್ತಿ. ಗದ್ದೆ, ತೋಟದ ಕೆಸರಿನಲ್ಲಿ ಓಡಿಸುವ ನಾವು ಇದನ್ನು ವಾರಕ್ಕೊಮ್ಮೆ ನೋಡಲೇಬೇಕು.

ಇನ್ನೊಂದು ಮಾತು: ಟ್ರ್ಯಾಕ್ಟರಿಗೆ ತಂದು ಉಳಿದ ಆಯಿಲನ್ನು ಬೈಕಿಗೆ ಸುರಿಯಬೇಡಿ. ನಮ್ಮಲ್ಲಿ ಓಡುವ ಬಹುತೇಕ ಬೈಕ್‌ಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ತಪ್ಪು ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. ಡಬ್ಬದ ಮೇಲೆ 'ಜಾಸೊ ಎಂಎ' ಅಥವಾ 'ಎಂಎ2' ಅಂತ ಇದೆಯಾ, ಗ್ರೇಡ್ ನಿಮ್ಮ ಪುಸ್ತಕದಲ್ಲಿ ಹೇಳಿದ್ದೇನಾ, ಎರಡನ್ನೂ ನೋಡಿ. ಮೊದಲ ಸರ್ವೀಸ್ ತಪ್ಪಿಸಬೇಡಿ. ಹೊಸ ಭಾಗಗಳು ಉಜ್ಜಿ ಬಿಟ್ಟ ಪುಡಿಯೆಲ್ಲ ಆ ಮೊದಲ ಆಯಿಲಿನಲ್ಲೇ ಇರುತ್ತದೆ.

ಅನುಮಾನ ಹೋಗದಿದ್ದರೆ

ಶೋರೂಮಿನಲ್ಲಿ ಅದೇ ಮಾಡೆಲ್‌ನ ಇನ್ನೊಂದು ಹೊಸ ಬೈಕಿಗೆ ಗೇರ್ ಹಾಕಿಸಿ ಕೇಳಿ. ನನ್ನ ಭಯ ಹೋಗಿದ್ದೇ ಹಾಗೆ: ಅದೂ 'ಟಕ್' ಅಂತು. ಈಗಲೇ ನಿಮ್ಮ ಗಾಡಿಯ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. 1000 ಕಿ.ಮೀ ಆದ ಮೇಲೆ ಮತ್ತೆ ಮಾಡಿ ಹೋಲಿಸಿ. ಹಾಗೇ ಇದ್ದರೆ ಅಥವಾ ಕಡಿಮೆಯಾಗಿದ್ದರೆ ನೆಮ್ಮದಿ. ಹೆಚ್ಚಾಗಿದ್ದರೆ ಸರ್ವೀಸ್ ಸೆಂಟರಿನಲ್ಲಿ ಎರಡನ್ನೂ ಕೇಳಿಸಿ, ಬಾಯಿಮಾತಿಗಿಂತ ಅದಕ್ಕೆ ಬೆಲೆ ಜಾಸ್ತಿ.

ಬೋರ್‌ವೆಲ್ ಮೋಟಾರಿನ ಸದ್ದು ಬದಲಾದರೆ ಮನೆಯಲ್ಲಿ ಕೂತೇ ಕಂಡುಹಿಡಿಯುವ ಜನ ನಾವು. ಬೈಕಿನ ಸದ್ದನ್ನೂ ಹಾಗೇ ಗುರುತು ಮಾಡ್ಕೊಳ್ಳೋಣ. ಗೇರನ್ನು ಮಾತ್ರ ಪೂರ್ತಿ ಒತ್ತಿ.

ಮುಂದಿನ ವಾರ ಮತ್ತೆ ತೋಟಕ್ಕೇ ಬರೋಣ.