ಸಾಸವಡ: ದಾಸರ ನೆನಪು, ಅಂಜೂರದ ತೋಟ

ಪುಣೆಯಿಂದ ದಿವೆ ಘಾಟ್ ಹತ್ತಿದರೆ ಸುಮಾರು 30 ಕಿ.ಮೀ. ದೂರದಲ್ಲಿ ಸಾಸವಡ. ಹತ್ತು-ಹನ್ನೆರಡು ಮಂದಿ ಸೇರಿ, ಊರು ಬಲ್ಲ ಮಾರ್ಗದರ್ಶಿಯೊಡನೆ ಹೊರಟರೆ ಒಂದು ದಿನ ಸಾಕು. ಕರ್ಹಾ ನದಿ ತೀರದ ಸಂಗಮೇಶ್ವರ, ಸಂತ ಸೋಪಾನದೇವರ ಸಮಾಧಿ, ನಾರಾಯಣಪುರದ ದತ್ತ ಮಂದಿರಗಳ ದರ್ಶನ ಮುಗಿಸಿ ಪುರಂದರಗಡ ಏರಬಹುದು. 1657ರಲ್ಲಿ ಸಂಭಾಜಿ ಮಹಾರಾಜರು ಜನಿಸಿದ್ದು ಇಲ್ಲಿಯೇ.

ಕನ್ನಡಿಗರಿಗೆ ಈ ಗಡ ಇನ್ನೂ ಆಪ್ತ. ಪುರಂದರದಾಸರ ಹುಟ್ಟೂರು ಇದೇ ಎಂಬುದು ಬಹುಕಾಲದ ನಂಬಿಕೆ. ತೀರ್ಥಹಳ್ಳಿ ತಾಲೂಕಿನ ಆರಗ ಎಂಬ ವಾದವೂ ಇದೆ.

ಸುತ್ತಲಿನ ಹಳ್ಳಿಗಳು ಅಂಜೂರ, ಸೀತಾಫಲಕ್ಕೆ ಹೆಸರುವಾಸಿ. ಆದರೆ ಪಾರಗಾಂವ್, ಖಾನವಡಿ ಸೇರಿದಂತೆ ಏಳು ಹಳ್ಳಿಗಳ ಭೂಮಿಯನ್ನು ಹೊಸ ವಿಮಾನ ನಿಲ್ದಾಣಕ್ಕೆ ಗುರುತಿಸಲಾಗಿದ್ದು, 2025ರಲ್ಲಿ ರೈತರು ಬೀದಿಗಿಳಿದು ಪ್ರತಿಭಟಿಸಿದರು. ಈ ತೋಟಗಳನ್ನು ಕಣ್ತುಂಬ ನೋಡಬೇಕೆನ್ನುವವರು ತಡಮಾಡದಿರುವುದು ಒಳಿತು.