ಓದು ಹತ್ತದ ಜಾಣರು

1896ರ ಮಾತು. ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗನ ಬಗ್ಗೆ ಬರೆದರು. ಹುಡುಗ ಚುರುಕು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಲೆಕ್ಕವೂ ಬರುತ್ತದೆ. ಆದರೆ ಓದು ಮಾತ್ರ ಹತ್ತದು. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಜಾಣ ಎಂದು ಅವನ ಮೇಷ್ಟರು ಹೇಳಿದ್ದರು.

ಇಂಥ ಮಕ್ಕಳು ನಮ್ಮ ಶಾಲೆಗಳಲ್ಲೂ ಇದ್ದಾರೆ. ಕಥೆ ಕೇಳಿದರೆ ಚಾಚೂ ತಪ್ಪದೆ ತಿರುಗಿ ಹೇಳುತ್ತಾರೆ. ಪುಸ್ತಕ ಕೈಗೆ ಕೊಟ್ಟರೆ ಬೆವರುತ್ತಾರೆ. ‘ದಡ್ಡ’, ‘ಸೋಮಾರಿ’ ಎಂಬ ಬಿರುದು ಬೇಗ ಅಂಟುತ್ತದೆ. ಡಿಸ್ಲೆಕ್ಸಿಯಾ ಎನ್ನುವ ಈ ತೊಂದರೆ ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ, ಒಂದೊಂದನ್ನೂ ತಕ್ಕ ಅಕ್ಷರಕ್ಕೆ ಜೋಡಿಸುವ ಕೆಲಸ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಕಷ್ಟ.

ಕನ್ನಡವನ್ನು ಬರೆದಂತೆಯೇ ಓದುತ್ತೇವೆ, ನಮಗೇಕೆ ಈ ಗೊಡವೆ ಎನ್ನುವವರುಂಟು. ಮಾತು ಬಹುಮಟ್ಟಿಗೆ ನಿಜ. ಆದರೆ ವರ್ಣಮಾಲೆಯ 49 ಅಕ್ಷರಗಳ ಮೇಲೆ ಕಾಗುಣಿತ, ಒತ್ತಕ್ಷರ ಸೇರಿದರೆ ಮಗುವಿನ ಮುಂದೆ ನೂರಾರು ರೂಪಗಳು ನಿಲ್ಲುತ್ತವೆ. ಇವು ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕಾಗುತ್ತವೆಂದು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ‘ಶಕ್ತಿ’ ಪದವನ್ನೇ ನೋಡಿ. ಗುಡಿಸು ಇರುವುದು ‘ಕ’ದ ತಲೆಯ ಮೇಲೆ, ಅದರ ಧ್ವನಿ ಬರುವುದು ಕೆಳಗಿನ ‘ತ’ ಆದ ಮೇಲೆ. ‘ಶಕಿತ’ ಎಂದು ಓದಿದ ಮಗು ಕಂಡದ್ದನ್ನೇ ಓದಿದೆ! ‘ಸೂರ್ಯ’ದಲ್ಲಿ ಅರ್ಕಾವತ್ತು ‘ಯ’ದ ನಂತರ ಕಾಣುತ್ತದೆ, ‘ಯ’ಕ್ಕಿಂತ ಮೊದಲು ಕೇಳಿಸುತ್ತದೆ. ಉಳಿದ ಮಕ್ಕಳು ಇದನ್ನು ತಾವಾಗಿಯೇ ಹಿಡಿದುಕೊಳ್ಳುತ್ತಾರೆ. ಇವರಿಗೆ ಬಾಯಿಬಿಟ್ಟು ಹೇಳಿಕೊಡಬೇಕು.

ಹೀಗೆ ಏನನ್ನೂ ಊಹೆಗೆ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಪದ್ಧತಿಗೆ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ 1920ರ ದಶಕದಲ್ಲಿ ದಾರಿ ಮಾಡಿದರು. ಆನಾ ಗಿಲ್ಲಿಂಗ್‌ಹ್ಯಾಮ್ ಮತ್ತು ಬೆಸ್ಸಿ ಸ್ಟಿಲ್‌ಮನ್ ಅದನ್ನು ಶಿಕ್ಷಕರ ಕೈಪಿಡಿಯಾಗಿಸಿದರು. ಮೊದಲು ಪುಸ್ತಕ ತೆರೆಯುವಂತಿಲ್ಲ, ಕಿವಿಯ ಆಟ. ‘ಬಾಳೆ’ಯ ‘ಬಾ’ ತೆಗೆದು ‘ನಾ’ ಇಟ್ಟರೆ? ‘ನಾಳೆ’. ಆಮೇಲೆ ಕೆಲವೇ ಅಕ್ಷರ, ಅವುಗಳಿಂದಲೇ ಆಗುವ ಪದ. ನಲಿ-ಕಲಿ ತರಗತಿಗಳಲ್ಲಿ ‘ರ ಗ ಸ ದ ಅ’ ಎಂದು ಆರಂಭಿಸುವುದರಲ್ಲೂ ಈ ಜಾಣ್ಮೆಯಿದೆ: ಸರ, ಅರಸ, ಗರಗಸ ಎಲ್ಲವನ್ನೂ ಮಗು ಒಂದೇ ವಾರದಲ್ಲಿ ಓದಬಹುದು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಇದೇ ಐದಕ್ಕೆ ಹೆಚ್ಚು ದಿನ ಬೇಕಾದೀತು. ಅದು ಗಟ್ಟಿಯಾಗದೆ ಮುಂದಿನದಕ್ಕೆ ಹೋಗಬಾರದು. ಹಿಂದಿನದನ್ನು ದಿನವೂ ತಿರುವಿಹಾಕಬೇಕು. ಒತ್ತಕ್ಷರ ಬಂದಾಗ ‘ಶ, ಕ್, ತಿ’ ಎಂದು ಬಿಡಿಸಿ ಹೇಳಿಸಿ, ಮತ್ತೆ ಕೂಡಿಸಿ ಬರೆಸಬೇಕು.

ಮರಳಿನ ಮೇಲೆ ತಿದ್ದಿಸುವುದೂ ಈ ಪದ್ಧತಿಯಲ್ಲಿದೆ. ನಮ್ಮ ಹಳೆಯ ಕೂಲಿಮಠದ ಐಗಳು ಮಾಡುತ್ತಿದ್ದುದೂ ಅದನ್ನೇ! ಆದರೆ ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಪಾಠಗಳ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ 2021ರ ಒಂದು ಪರಿಶೀಲನೆಯಲ್ಲಿ ಲಾಭ ಕಂಡರೂ ಅದು ಖಚಿತ ಎನ್ನುವಷ್ಟಿರಲಿಲ್ಲ. ಧ್ವನಿ-ಅಕ್ಷರಗಳ ನಂಟನ್ನು ಕ್ರಮವಾಗಿ ಕಲಿಸುವುದಕ್ಕೆ ಇರುವ ಆಧಾರ ಇದಕ್ಕಿಂತ ಬಲವಾದದ್ದು. ಮರಳು ಇಲ್ಲದಿದ್ದರೂ ನಡೆದೀತು, ಕ್ರಮ ತಪ್ಪಿದರೆ ನಡೆಯದು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಲಿಕಾ ನ್ಯೂನತೆಯನ್ನೂ ತನ್ನ ಪಟ್ಟಿಗೆ ಸೇರಿಸಿತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಕ್ಕರೆ ಒಳ್ಳೆಯದೇ, ಆದರೆ ಅದು ಓದು ಕಲಿಸುವುದಿಲ್ಲ. ಐದನೇ ತರಗತಿಯ ಹುಡುಗನನ್ನು ಮತ್ತೆ ‘ರ ಗ ಸ ದ’ಕ್ಕೆ ಕೂರಿಸುವಾಗ ಓರಗೆಯವರ ಮುಂದೆ ಕೂರಿಸದಿದ್ದರೆ ಸಾಕು, ಅರ್ಧ ಗೆಲುವು. ಅವನು ಅಕ್ಷರ ಕೂಡಿಸುವಷ್ಟು ದಿನ ಸಮಾಜ, ವಿಜ್ಞಾನದ ಪಾಠಗಳನ್ನು ಮನೆಯಲ್ಲಿ ಅಕ್ಕನೋ ಅಮ್ಮನೋ ಓದಿ ಹೇಳಲಿ.