ಕಂಪ್ಯೂಟರಿಗೂ ತಲೆ ಸುತ್ತಿದಾಗ

ಮಲಗಿದ್ದವರು ಎದ್ದು ನಿಲ್ಲುವುದು ಎಂಥ ಸಾಹಸವೆಂದು ಯಾರೂ ಯೋಚಿಸುವುದಿಲ್ಲ. ಹಾಸಿಗೆ ಬಿಟ್ಟು ನೆಟ್ಟಗೆ ನಿಂತೊಡನೆ ಸುಮಾರು ಅರ್ಧ ಲೀಟರ್ ರಕ್ತ ಎದೆಯಿಂದ ಜಾರಿ ಹೊಟ್ಟೆಗೆ, ಕಾಲಿಗೆ ಇಳಿಯುತ್ತದೆ. ರಕ್ತದ ಒತ್ತಡ ತಗ್ಗಿದ್ದನ್ನು ಕುತ್ತಿಗೆಯ ಇಕ್ಕೆಲದ ದೊಡ್ಡ ರಕ್ತನಾಳಗಳ ಗೋಡೆಯಲ್ಲಿರುವ ನರತುದಿಗಳು ಪತ್ತೆ ಹಚ್ಚಿ ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಅಪ್ಪಣೆ ಹೊರಟು ಹೃದಯ ಚುರುಕಾಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಎಲ್ಲ ಕೆಲವೇ ಸೆಕೆಂಡಿನ ವ್ಯವಹಾರ. ಅಷ್ಟು ಹೊತ್ತೂ ನೀವು ಚಪ್ಪಲಿ ಎಲ್ಲಿ ಹೋಯಿತೆಂದು ಕಾಲಲ್ಲೇ ತಡಕಾಡುತ್ತಿರುತ್ತೀರಿ.

ಕೇಂಬ್ರಿಜ್‌ನ ಶರೀರಶಾಸ್ತ್ರಜ್ಞ ಜಾನ್ ಲ್ಯಾಂಗ್ಲಿ 1898ರಲ್ಲಿ ಈ ನರಜಾಲವನ್ನು 'ಆಟೊನಾಮಿಕ್' ಎಂದು ಕರೆದರು. ಕನ್ನಡದಲ್ಲಿ ಅದು ಸ್ವಾಯತ್ತ ನರಮಂಡಲ. ಶತಮಾನ ಕಳೆದ ಮೇಲೆ, 2001ರಲ್ಲಿ, ಐಬಿಎಂ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಪಾಲ್ ಹಾರ್ನ್ ಅದೇ ಪದವನ್ನು ಕಂಪ್ಯೂಟರಿಗೆ ಕಡ ತಂದರು. ಅವರ 'ಆಟೊನಾಮಿಕ್ ಕಂಪ್ಯೂಟಿಂಗ್' ಪ್ರಣಾಳಿಕೆಯ ವಾದ ಸರಳ. ಉದ್ಯಮಕ್ಕೆ ಮುಂದೆ ಎದುರಾಗುವ ಅಡ್ಡಿ ಚಿಪ್ಪಿನ ವೇಗದ್ದಲ್ಲ, ಜಟಿಲತೆಯದ್ದು. ಸರ್ವರ್‌ಗಳು ಹೀಗೇ ಹೆಚ್ಚುತ್ತ ಹೋದರೆ ಅವನ್ನು ನೋಡಿಕೊಳ್ಳುವವರು ಎಲ್ಲಿಂದ ಬರಬೇಕು?

ಹಾರ್ನ್ ಹಳೆಯ ಟೆಲಿಫೋನ್ ಎಕ್ಸ್‌ಚೇಂಜನ್ನೂ ನೆನಪಿಸಿದ್ದರು. ಪ್ರತಿ ಕರೆಗೂ ಒಬ್ಬ ಆಪರೇಟರ್ ವೈರು ಚುಚ್ಚಬೇಕಿದ್ದ ಕಾಲ ಅದು. ಅದಕ್ಕೆ ಪರಿಹಾರ ಹುಡುಕಿದವರಲ್ಲಿ ಮೊದಲಿಗರಾದ ಅಲ್ಮನ್ ಸ್ಟ್ರೋಜರ್ ಎಂಜಿನಿಯರ್ ಅಲ್ಲ. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುತ್ತಿದ್ದವರು. ತಮಗೆ ಬರಬೇಕಾದ ಕರೆಗಳನ್ನು ಆಪರೇಟರ್ ಎದುರಾಳಿಗೆ ತಿರುಗಿಸುತ್ತಿದ್ದಾಳೆಂಬ ಗುಮಾನಿಯಿಂದ ಸ್ವಯಂಚಾಲಿತ ಎಕ್ಸ್‌ಚೇಂಜ್ ಕಂಡುಹಿಡಿದರೆಂಬ ಕತೆಯಿದೆ. ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಗುಮಾನಿಯೂ ಕೆಲವೊಮ್ಮೆ ಉಪಕಾರಿ.

ಐಬಿಎಂನ ಜೆಫ್ರಿ ಕೆಫಾರ್ಟ್ ಮತ್ತು ಡೇವಿಡ್ ಚೆಸ್ 2003ರ ಲೇಖನವೊಂದರಲ್ಲಿ ಈ ಕನಸಿಗೆ ಆಕಾರ ಕೊಟ್ಟರು. ಯಂತ್ರ ತನ್ನನ್ನು ತಾನೇ ಹೊಂದಿಸಿಕೊಳ್ಳಬೇಕು, ಕೆಟ್ಟರೆ ವಾಸಿ ಮಾಡಿಕೊಳ್ಳಬೇಕು, ಇರುವುದರಲ್ಲೇ ಚೆನ್ನಾಗಿ ದುಡಿಯಬೇಕು, ದಾಳಿಯಾದರೆ ಕಾಪಾಡಿಕೊಳ್ಳಬೇಕು. ಅದಕ್ಕಾಗಿ ಬಿಡುವಿಲ್ಲದೆ ತಿರುಗುವ ಒಂದು ಚಕ್ರ: ನೋಡು, ತೂಗು, ಯೋಜಿಸು, ಮಾಡು, ಮತ್ತೆ ನೋಡು. ಇದನ್ನು ಯಂತ್ರ ಬುದ್ಧಿವಂತವಾಗುವ ಕತೆಯಂತೆ ಓದುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಸ್ವಾಯತ್ತ ನರಮಂಡಲದ ಹೆಚ್ಚುಗಾರಿಕೆ ಇರುವುದೇ ಅದು ಯೋಚನೆಯ ಗೋಜಿಗೆ ಹೋಗದಿರುವುದರಲ್ಲಿ.

ಕನಸು ನನಸಾಯಿತು, ಆದರೆ ಬೇರೆ ಹೆಸರಿನಲ್ಲಿ. 'ಆಟೊನಾಮಿಕ್' ಎಂಬ ಪದ ಮೂಲೆಗೆ ಸರಿಯಿತು. 2014ರಲ್ಲಿ ಗೂಗಲ್ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಕುಬರ್ನೆಟಿಸ್ ಎಂಬ ತಂತ್ರಾಂಶ ಇಂದು ಬೆಂಗಳೂರಿನ ಎಷ್ಟೋ ಕಂಪನಿಗಳ ದಿನಬಳಕೆಯ ವಸ್ತು. 'ಈ ಸೇವೆಯ 3 ಪ್ರತಿಗಳು ಸದಾ ಓಡುತ್ತಿರಲಿ' ಎಂದು ಬರೆದಿಟ್ಟರೆ ಮುಗಿಯಿತು. ಒಂದು ಸತ್ತರೆ ಕುಬರ್ನೆಟಿಸ್ ಇನ್ನೊಂದನ್ನು ಎಬ್ಬಿಸುತ್ತದೆ; ಇಡೀ ಯಂತ್ರವೇ ಸತ್ತರೆ ಬೇರೆ ಯಂತ್ರದಲ್ಲಿ ಎಬ್ಬಿಸುತ್ತದೆ. ಏಕೆ ಸತ್ತಿತೆಂದು ಕೇಳುವುದಿಲ್ಲ. ಗ್ರೀಕ್ ಭಾಷೆಯಲ್ಲಿ ಕುಬರ್ನೆಟಿಸ್ ಎಂದರೆ ಚುಕ್ಕಾಣಿ ಹಿಡಿದವನು. ಪ್ರಾಣಿ ಮತ್ತು ಯಂತ್ರ ಎರಡರ ನಿಯಂತ್ರಣವನ್ನೂ ಒಟ್ಟಿಗೆ ನೋಡಿದ ಶಾಸ್ತ್ರಕ್ಕೆ ನಾರ್ಬರ್ಟ್ ವೀನರ್ 1948ರಲ್ಲಿ ಸೈಬರ್ನೆಟಿಕ್ಸ್ ಎಂದು ಹೆಸರಿಟ್ಟದ್ದೂ ಇದೇ ಮೂಲದಿಂದ.

ಆದರೆ ದೇಹದಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಹೃದಯಕ್ಕೆ ಅದರದ್ದೇ ತಾಳವಿದೆ. ನರಗಳ ಹಂಗಿಲ್ಲದೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ಮನೆ ಕೂತಾಗ ಅದು 70ರ ಆಸುಪಾಸಿನಲ್ಲಿದ್ದರೆ, ವೇಗಸ್ ಎಂಬ ನರ ಸದಾ ಬ್ರೇಕಿನ ಮೇಲೆ ಕಾಲಿಟ್ಟಿದೆ ಎಂದರ್ಥ. ಕಸಿ ಮಾಡಿದ ಹೃದಯಕ್ಕೆ ನರಸಂಪರ್ಕ ಕಡಿದುಹೋಗಿರುವುದರಿಂದ ಅದು ವಿಶ್ರಾಂತಿಯಲ್ಲೂ ತುಸು ವೇಗವಾಗಿಯೇ ಬಡಿಯುತ್ತದೆ. ಓಡಿಸುವಷ್ಟೇ ತಡೆಯುವುದೂ ನರಮಂಡಲದ ಕೆಲಸ. ಇದರಲ್ಲೂ ಎಡವಟ್ಟಾಗುವುದುಂಟು. ರಕ್ತ ಕಂಡೊಡನೆ ಕೆಲವರು ಕುಸಿದು ಬೀಳುತ್ತಾರಲ್ಲ, ಆಗ ವೇಗಸ್ ಬ್ರೇಕನ್ನು ಅತಿಯಾಗಿ ಒತ್ತಿರುತ್ತದೆ. ಹೃದಯ ನಿಧಾನಿಸುತ್ತದೆ, ರಕ್ತನಾಳಗಳು ಸಡಿಲಾಗುತ್ತವೆ, ಮಿದುಳಿಗೆ ರಕ್ತ ಸಾಲದೆ ಪ್ರಜ್ಞೆ ತಪ್ಪುತ್ತದೆ. ದೇಹಕ್ಕೆ ರೋಗವೇನೂ ಇರಬೇಕಾಗಿಲ್ಲ.

2021ರ ಅಕ್ಟೋಬರ್ 4ರ ರಾತ್ರಿ ನಮ್ಮಲ್ಲಿ ಒಂಬತ್ತು ಗಂಟೆ ದಾಟಿದಾಗ ವಾಟ್ಸ್‌ಆ್ಯಪ್ ನಿಂತದ್ದು ನೆನಪಿದೆಯೇ? ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೂಡ ಜೊತೆಗೇ ಮಲಗಿದ್ದವು. ಎಷ್ಟೋ ಜನ ಫೋನನ್ನೇ ಆರಿಸಿ ಹಚ್ಚಿದರು. ನಡೆದದ್ದು ಹೀಗೆ: ನಿರ್ವಹಣೆಯ ಕೆಲಸದಲ್ಲಿ ಕೊಟ್ಟ ಒಂದು ಆಜ್ಞೆ ಫೇಸ್‌ಬುಕ್ ಕಂಪನಿಯ ಡೇಟಾ ಸೆಂಟರ್‌ಗಳನ್ನು ಬೆಸೆಯುವ ಜಾಲವನ್ನೇ ಕಡಿದುಹಾಕಿತು. ಅಂಥ ಆಜ್ಞೆಯನ್ನು ತಡೆಯಬೇಕಿದ್ದ ಪರಿಶೀಲನಾ ತಂತ್ರಾಂಶದಲ್ಲೇ ಬಗ್ ಇತ್ತು. ಇನ್ನೊಂದೆಡೆ, ಹೊರಜಗತ್ತಿಗೆ ಫೇಸ್‌ಬುಕ್‌ನ ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್‌ಗಳಿದ್ದವು. ಡೇಟಾ ಸೆಂಟರಿನ ಸಂಪರ್ಕ ಸಿಗದಿದ್ದರೆ 'ನನ್ನ ಆರೋಗ್ಯ ಸರಿಯಿಲ್ಲ' ಎಂದು ತಾವಾಗಿಯೇ ಹಿಂದೆ ಸರಿಯುವಂತೆ ಅವನ್ನು ರೂಪಿಸಲಾಗಿತ್ತು. ಒಂದೆರಡು ಸರ್ವರ್ ಕೆಟ್ಟಾಗ ಅದು ಒಳ್ಳೆಯ ಉಪಾಯ. ಅಂದು ಎಲ್ಲವೂ ಒಟ್ಟಿಗೇ ಸರಿದವು. ಸರ್ವರ್‌ಗಳು ಓಡುತ್ತಲೇ ಇದ್ದವು. ಫೇಸ್‌ಬುಕ್ ಎಲ್ಲಿದೆ ಎಂಬುದೇ ಇಂಟರ್ನೆಟ್ಟಿಗೆ ಮರೆತುಹೋಗಿತ್ತು. ಒಂದೊಂದು ಸರ್ವರ್‌ನ ತೀರ್ಮಾನವೂ ಅದರ ಮಟ್ಟಿಗೆ ಸರಿ, ಒಟ್ಟು ಪರಿಣಾಮ ಮೂರ್ಛೆ.

ಮನುಷ್ಯನ ಮೂರ್ಛೆಯಲ್ಲಿ ಒಂದು ಸೊಗಸಿದೆ. ಪ್ರಜ್ಞೆ ತಪ್ಪಿದವರು ನೆಲಕ್ಕೆ ಬೀಳುತ್ತಾರೆ. ದೇಹ ಅಡ್ಡಲಾದದ್ದೇ ತಲೆಗೆ ರಕ್ತ ಹರಿಯುತ್ತದೆ, ಸ್ವಲ್ಪ ಹೊತ್ತಿಗೆ ಕಣ್ಣು ಬಿಡುತ್ತಾರೆ. ಬೀಳುವುದೇ ಮದ್ದು. ಫೇಸ್‌ಬುಕ್ಕಿಗೆ ಅಂಥ ನೆಲವಿರಲಿಲ್ಲ. ಸಾಮಾನ್ಯವಾಗಿ ದುರಸ್ತಿಗೆ ಬಳಸುವ ಸಲಕರಣೆಗಳೂ ಅದೇ ಜಾಲವನ್ನು ನಂಬಿಕೊಂಡಿದ್ದವು. ಎಂಜಿನಿಯರ್‌ಗಳು ಖುದ್ದಾಗಿ ಡೇಟಾ ಸೆಂಟರಿಗೆ ಹೋಗಬೇಕಾಯಿತು, ಭದ್ರತೆ ಬಿಗಿಯಾಗಿದ್ದರಿಂದ ಒಳಹೊಕ್ಕು ಕೆಲಸ ಶುರುಮಾಡುವುದಕ್ಕೇ ಹೊತ್ತು ಹಿಡಿಯಿತು.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಇಂಥದ್ದರ ಬಗ್ಗೆ ಎಚ್ಚರಿಸಿದ್ದರು. ಯಂತ್ರ ಸುಲಭದ ಕೆಲಸವನ್ನೆಲ್ಲ ತಾನೇ ಮಾಡಿಕೊಂಡು ಅತಿ ಕಷ್ಟದ್ದನ್ನು ಮನುಷ್ಯನಿಗೆ ಉಳಿಸುತ್ತದೆ, ಅಷ್ಟು ಹೊತ್ತಿಗೆ ಅವನ ಅಭ್ಯಾಸ ತಪ್ಪಿರುತ್ತದೆ. 'ಆನ್‌ಕಾಲ್' ಪಾಳಿಯಲ್ಲಿ ನಡುರಾತ್ರಿ ಫೋನು ಬಡಿದುಕೊಂಡಾಗ ಎದ್ದು ಲ್ಯಾಪ್‌ಟಾಪ್ ತೆರೆಯುವ ಬೆಂಗಳೂರಿನ ಎಂಜಿನಿಯರ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಪುಟ್ಟ ತೊಂದರೆಗಳನ್ನು ಯಂತ್ರ ಸದ್ದಿಲ್ಲದೆ ನುಂಗಿಕೊಂಡಿರುತ್ತದೆ; ಅವರವರೆಗೆ ಬರುವುದು ಅದಕ್ಕೂ ದಕ್ಕದೆ ಹೋದದ್ದು.

ಆ ರಾತ್ರಿ ಜಾಲ ಮತ್ತೆ ಜೋಡಣೆಯಾದ ಮೇಲೂ ಫೇಸ್‌ಬುಕ್ ಎಲ್ಲವನ್ನೂ ಒಮ್ಮೆಗೇ ಹಚ್ಚಲಿಲ್ಲ. ಡೇಟಾ ಸೆಂಟರ್‌ಗಳಲ್ಲಿ ವಿದ್ಯುತ್ ಬಳಕೆ ಹತ್ತಾರು ಮೆಗಾವ್ಯಾಟ್ ಕುಸಿದಿತ್ತು. ಹಠಾತ್ತನೆ ಏರಿದರೆ ವಿದ್ಯುತ್ ವ್ಯವಸ್ಥೆಗೇ ಅಪಾಯವಿತ್ತು. ತಲೆ ಸುತ್ತಿ ಬಿದ್ದವರನ್ನು ಮೊದಲು ಕೂರಿಸಿ, ನೀರು ಕೊಟ್ಟು, ಆಮೇಲೆ ನಿಲ್ಲಿಸುವಂತೆ ಒಂದೊಂದೇ ಸೇವೆಯನ್ನು ಎಬ್ಬಿಸಿದರು. ನಮ್ಮ ಫೋನುಗಳಲ್ಲಿ ಸಂದೇಶಗಳು ಮತ್ತೆ ಟಿಂಗೆನ್ನುವ ಹೊತ್ತಿಗೆ ಬೆಳಗಿನ ಜಾವವಾಗಿತ್ತು.